ಮಕ್ಕಳ ಅನಿಮೇಷನ್ ಚಿತ್ರದಲ್ಲಿ ದೊಡ್ಡವರ ಜೋಕ್ ಯಾಕೆ?

ಪ್ರಶ್ನೆ: ನಮ್ಮ ಮಗನಿಗೆ 7 ವರ್ಷ, ಮಗಳಿಗೆ 12. ಮೊನ್ನೆ ಭಾನುವಾರ ಮನೆಯವರೆಲ್ಲ ಕೂತು ‘ಶ್ರೆಕ್’ ನೋಡಿದೆವು. ಅತ್ತೆಯೂ ಇದ್ದರು. ಕುಳ್ಳ ಪ್ರಭುವಿನ ಎತ್ತರದ ಕೋಟೆ ನೋಡಿ ಶ್ರೆಕ್ ಒಂದು ಡಬಲ್ ಮೀನಿಂಗ್ ಮಾತು ಹೇಳುತ್ತಾನಲ್ಲ, ಅಲ್ಲಿ ನಾನೂ ನಮ್ಮ ಯಜಮಾನರೂ ನಕ್ಕುಬಿಟ್ಟೆವು. ಮಗ ‘ಯಾಕಮ್ಮ ನಗ್ತಿದೀಯ?’ ಅಂದ. ಮಗಳು ಮುಖ ತಿರುಗಿಸಿಕೊಂಡಳು. ವಿಷಯ ಗೊತ್ತಾದ ಮೇಲೆ ಅತ್ತೆ ‘ಮಕ್ಕಳ ಸಿನಿಮಾದಲ್ಲೂ ಇದೇನಾ?’ ಅಂತ ಎದ್ದು ಹೋದರು. ಮಕ್ಕಳಿಗೆ ಅಂತ ಮಾಡುವ ಚಿತ್ರದಲ್ಲಿ ದೊಡ್ಡವರಿಗಾಗಿ ಇಂಥ ಹಾಸ್ಯ ತುರುಕಬೇಕಾ? ಇಂಥ ಚಿತ್ರ ತೋರಿಸುವುದನ್ನೇ ನಿಲ್ಲಿಸಬೇಕಾ?

ಉತ್ತರ: ದೊಡ್ಡವರು ನಗುವಂಥದ್ದು ಮಕ್ಕಳ ಚಿತ್ರದಲ್ಲಿ ಇರಲೇಬೇಕು ಅನ್ನುವವಳು ನಾನು. ಹಾಗಂತ ನಿಮ್ಮ ಅತ್ತೆಯ ಸಿಟ್ಟನ್ನು ಹಳೇ ಕಾಲದವರ ಗೊಣಗಾಟ ಅಂತ ತಳ್ಳಿಹಾಕುವುದಿಲ್ಲ. ನಾನು ಯಾವುದೇ ಚಿತ್ರ ನೋಡುವಾಗ ಒಂದು ವಿಷಯ ಗಮನಿಸುತ್ತೇನೆ. ದೊಡ್ಡವರು ನಕ್ಕ ಆ ಹೊತ್ತಿನಲ್ಲಿ ಮಗುವಿಗೆ ಏನು ಸಿಕ್ಕಿತು? ಅದೇ ದೃಶ್ಯದಲ್ಲಿ ಮಗುವಿಗೂ ತನ್ನದೇ ಒಂದು ನಗು ಇದ್ದರೆ ಆ ಜೋಕ್ ಸರಿಯಾಗಿ ಕೂತಿದೆ. ಮಗು ಏನೂ ತಿಳಿಯದೆ ನಿಮ್ಮ ಮುಖ ನೋಡುತ್ತಾ ಕೂತರೆ ಬರೆದವರು ಸೋತಿದ್ದಾರೆ.

ದೊಡ್ಡವರ ಹಾಸ್ಯ ಅಂದ ತಕ್ಷಣ ನಮಗೆ ಪೋಲಿ ಮಾತೇ ನೆನಪಾಗುತ್ತದೆ. ಆದರೆ ದೊಡ್ಡವರ ಬದುಕಿನಲ್ಲಿ ನಗುವುದಕ್ಕೆ ಬೇರೆ ಎಷ್ಟೋ ಇದೆ ಅಲ್ವಾ? ‘ಟಾಯ್ ಸ್ಟೋರಿ’ ತೆಗೆದುಕೊಳ್ಳಿ. 1995ರಲ್ಲಿ ಬಂದದ್ದು, ಪೂರ್ತಿಯಾಗಿ ಕಂಪ್ಯೂಟರಿನಲ್ಲೇ ತಯಾರಾದ ಮೊದಲ ಪೂರ್ಣಾವಧಿ ಚಿತ್ರ. ಅದರಲ್ಲಿ ಒಂದು ಆಲೂಗಡ್ಡೆ ಗೊಂಬೆಯಿದೆ. ಅದು ತನ್ನ ಕಣ್ಣು, ಮೂಗು, ಬಾಯಿ ಕಿತ್ತು ಎಲ್ಲೆಲ್ಲೋ ಸಿಕ್ಕಿಸಿಕೊಂಡು ‘ನೋಡು, ನಾನು ಪಿಕಾಸೊ’ ಅನ್ನುತ್ತದೆ. ಪಿಕಾಸೊನ ಚಿತ್ರ ನೋಡಿದವರಿಗೆ ಅದೊಂದು ನಗು. ಪಿಕಾಸೊ ಯಾರು ಅಂತ ಗೊತ್ತಿಲ್ಲದ ಐದು ವರ್ಷದ ಮಗುವಿಗೆ ಹಣೆ ಮೇಲೆ ಬಾಯಿ ಇಟ್ಟುಕೊಂಡ ಆಲೂಗಡ್ಡೆ ಸಾಕು. ಅದು ನಿಮಗಿಂತ ಜೋರಾಗಿ ನಗುತ್ತದೆ.

‘ಫೈಂಡಿಂಗ್ ನೀಮೋ’ (2003) ಚಿತ್ರದಲ್ಲಿ ಮೂರು ಶಾರ್ಕ್‌ಗಳು ಸಭೆ ಸೇರುತ್ತವೆ. ಮೀನು ನಮ್ಮ ಸ್ನೇಹಿತರು, ಊಟ ಅಲ್ಲ ಅಂತ ಪ್ರತಿಜ್ಞೆ ಮಾಡುತ್ತವೆ. ಕುಡಿತ ಬಿಡುವವರು ಸೇರಿ ನಡೆಸುವ ಸಭೆಯ ಅಣಕು ಅದು. ಮಗುವಿಗೆ ಕುಡಿತದ ಸಂಗತಿ ಗೊತ್ತಾಗಬೇಕಾದ ಅಗತ್ಯವೇ ಇಲ್ಲ. ಇಷ್ಟು ದೊಡ್ಡ ಹಲ್ಲಿನ ಶಾರ್ಕ್ ಆಸೆ ತಡೆದುಕೊಂಡು ಒದ್ದಾಡುವುದೇ ಅದಕ್ಕೆ ತಮಾಷೆ. ‘ಜೂಟೋಪಿಯಾ’ (2016) ಚಿತ್ರದಲ್ಲಿ ವಾಹನ ನೋಂದಣಿ ಕಚೇರಿಯ ಸಿಬ್ಬಂದಿಯೆಲ್ಲ ಸ್ಲಾತ್ ಪ್ರಾಣಿಗಳು. ಒಂದು ಮಾತು ಪೂರ್ತಿ ಮಾಡುವುದಕ್ಕೆ ಅರ್ಧ ನಿಮಿಷ. ಎದುರಿಗೆ ಅವಸರದ ಮೊಲ. ಆ ದೃಶ್ಯ ಬರೆದವರು ಅಮೆರಿಕದ ಕಚೇರಿಯನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರು. ಆದರೆ ಆರ್‌ಟಿಒ ಕಚೇರಿಯ ಕಿಟಕಿ ಮುಂದೆ ಒಮ್ಮೆ ನಿಂತು ಬಂದ ಯಾರಿಗೂ ಅದನ್ನು ಬಿಡಿಸಿ ಹೇಳಬೇಕಿಲ್ಲ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ‘ಇನ್‌ಸೈಡ್ ಔಟ್’ (2015) ಚಿತ್ರದ ಒಂದು ಪುಟ್ಟ ಮಾತು. ಹುಡುಗಿಯ ತಲೆಯೊಳಗೆ ಓಡುವ ರೈಲಿನಲ್ಲಿ ಎರಡು ಪೆಟ್ಟಿಗೆಗಳಿರುತ್ತವೆ. ಒಂದರಲ್ಲಿ ನಿಜಸಂಗತಿಗಳು, ಇನ್ನೊಂದರಲ್ಲಿ ಅಭಿಪ್ರಾಯಗಳು. ಪೆಟ್ಟಿಗೆ ಉರುಳಿ ಎಲ್ಲ ಕಲೆಸಿಹೋಗುತ್ತದೆ. ಅಯ್ಯೋ, ಎರಡೂ ಒಂದೇ ಥರ ಕಾಣುತ್ತಿವೆ ಅಂತ ಒಂದು ಪಾತ್ರ ಪೇಚಾಡುತ್ತದೆ. ಇನ್ನೊಂದು, ಚಿಂತೆ ಬೇಡ, ಇದು ಯಾವಾಗಲೂ ಆಗುತ್ತಿರುತ್ತೆ ಅನ್ನುತ್ತದೆ. ಚಿಕ್ಕ ಮಗು ಇದನ್ನು ದಾಟಿ ಮುಂದೆ ಹೋಗುತ್ತದೆ. ಹತ್ತು ವರ್ಷದ್ದು ಒಂದು ಕ್ಷಣ ನಿಲ್ಲುತ್ತದೆ. ದೊಡ್ಡವರು ನಗುತ್ತಾರೆ, ಸ್ವಲ್ಪ ನಾಚಿಕೆಯೂ ಆಗುತ್ತದೆ. ಯಾರಿಗೂ ಮುಜುಗರವಿಲ್ಲ. ಇದೂ ದೊಡ್ಡವರ ಹಾಸ್ಯವೇ. ಇಂಥದ್ದನ್ನು ತೆಗೆದುಹಾಕಿ ಅಂತ ನಿಮ್ಮ ಅತ್ತೆಯೂ ಹೇಳಲಾರರು.

ಇನ್ನೊಂದು ಸಂಗತಿಯಿದೆ. ಈ ಚಿತ್ರಗಳ ‘ದೊಡ್ಡವರು’ ಅಂದರೆ ಅಮೆರಿಕದ ದೊಡ್ಡವರು. ‘ಅಲಾದಿನ್’ (1992) ಚಿತ್ರದ ನೀಲಿ ಜೀನಿಗೆ ರಾಬಿನ್ ವಿಲಿಯಮ್ಸ್ ದನಿ ಕೊಟ್ಟಿದ್ದಾರೆ. ಕ್ಷಣಕ್ಕೊಂದು ವೇಷ, ಕ್ಷಣಕ್ಕೊಂದು ದನಿ. ಎಡ್ ಸುಲಿವಾನ್, ಗ್ರೌಚೊ ಮಾರ್ಕ್ಸ್, ಜ್ಯಾಕ್ ನಿಕಲ್ಸನ್ ಹೀಗೆ ಹಲವರ ಅಣಕು. ಎಡ್ ಸುಲಿವಾನ್ ಅಲ್ಲಿನ ಹಳೇ ಟೀವಿ ಕಾರ್ಯಕ್ರಮದ ನಿರೂಪಕ. ಹಾಸನದಲ್ಲೋ ಹುಬ್ಬಳ್ಳಿಯಲ್ಲೋ ಆ ಚಿತ್ರ ನೋಡಿದ ನಮ್ಮಲ್ಲಿ ಎಷ್ಟು ಮಂದಿಗೆ ಅವರೆಲ್ಲ ಗೊತ್ತಿದ್ದರು? ಆದರೂ ನಕ್ಕೆವು. ಆ ವೇಗಕ್ಕೆ ನಕ್ಕೆವು, ಆಕಾರ ಬದಲಾಗುವ ಆ ಪರಿಗೆ ನಕ್ಕೆವು. ಅಂದರೆ ಅಲ್ಲಿ ನಾವೂ ಮಕ್ಕಳ ಸಾಲಿನಲ್ಲೇ ಕೂತಿದ್ದೆವು. ಒಳ್ಳೆಯ ಜೋಕ್ ಅದರ ಗುಟ್ಟು ಗೊತ್ತಿಲ್ಲದವರನ್ನೂ ಹೊರಗೆ ನಿಲ್ಲಿಸುವುದಿಲ್ಲ.

ಮಕ್ಕಳ ಚಿತ್ರಕ್ಕೆ ದೊಡ್ಡವರ ಹಾಸ್ಯ ಈಚೆಗೆ ನುಗ್ಗಿತು ಅಂತ ತುಂಬ ಜನ ಅಂದುಕೊಂಡಿದ್ದಾರೆ. ನಡೆದದ್ದು ಉಲ್ಟಾ. ಅಮೆರಿಕದಲ್ಲಿ ಕಾರ್ಟೂನ್ ಶುರುವಾದದ್ದು ಚಿತ್ರಮಂದಿರದಲ್ಲಿ, ದೊಡ್ಡ ಚಿತ್ರಕ್ಕೆ ಮುಂಚೆ ತೋರಿಸುವ ತುಣುಕಾಗಿ. ನೋಡುವವರು ಎಲ್ಲ ವಯಸ್ಸಿನವರು. ನಾವು ಟೀವಿಯಲ್ಲಿ ಕಂಡ ಹಳೇ ‘ಟಾಮ್ ಅಂಡ್ ಜೆರ್ರಿ’ ಕೂಡ 1940ರಿಂದ ಹಾಗೇ ಚಿತ್ರಮಂದಿರಕ್ಕಾಗಿ ಬಂದದ್ದು. ಟಾಮ್ ಹೆಣ್ಣುಬೆಕ್ಕಿನ ಮನೆ ಮುಂದೆ ನಿಂತು ಹಾಡುವುದು ಮಕ್ಕಳನ್ನು ಮಾತ್ರ ನೆನೆದು ಬರೆದದ್ದಲ್ಲ. 1960ರ ‘ಫ್ಲಿಂಟ್‌ಸ್ಟೋನ್ಸ್’ ಧಾರಾವಾಹಿಯನ್ನು ರಾತ್ರಿ ಎಲ್ಲರೂ ಟೀವಿ ನೋಡುವ ಹೊತ್ತಿಗೆ ಹಾಕುತ್ತಿದ್ದರು. ಅದರ ಪಾತ್ರಗಳೇ ಸಿಗರೇಟಿನ ಜಾಹೀರಾತಿನಲ್ಲಿ ಸಿಗರೇಟು ಸೇದಿದ್ದವು! ಮುಂದೆ ಹಳೇ ಕಾರ್ಟೂನುಗಳನ್ನು ಶನಿವಾರ ಬೆಳಗ್ಗೆ ಮಕ್ಕಳ ಹೊತ್ತಿನಲ್ಲಿ ಹಾಕುವ ರೂಢಿ ಬಂತು. ಅಲ್ಲಿಂದ ಕಾರ್ಟೂನ್ ಅಂದರೆ ಮಕ್ಕಳದ್ದು ಅನ್ನುವ ಭಾವನೆ ಗಟ್ಟಿಯಾಯಿತು.

ದೊಡ್ಡವರನ್ನು ಬೇಕಂತಲೇ ಕರೆದು ಕೂರಿಸಿದ ಉದಾಹರಣೆಯೂ ಇದೆ. 1969ರಲ್ಲಿ ಶುರುವಾದ ‘ಸೆಸಮಿ ಸ್ಟ್ರೀಟ್’ ಶಾಲೆಗೆ ಹೋಗುವ ಮುಂಚಿನ ಪುಟ್ಟ ಮಕ್ಕಳಿಗೆ ಅಕ್ಷರ, ಎಣಿಕೆ ಕಲಿಸುವ ಕಾರ್ಯಕ್ರಮ. ಆದರೆ ಅದರಲ್ಲಿ ಪ್ರಸಿದ್ಧ ನಟರು, ಗಾಯಕರು ಬರುತ್ತಿದ್ದರು. ದೊಡ್ಡವರು ನೋಡುವ ಕಾರ್ಯಕ್ರಮಗಳ ಅಣಕು ಇರುತ್ತಿತ್ತು. ಅಪ್ಪ ಅಮ್ಮ ಮಗುವಿನ ಪಕ್ಕ ಕೂತು ನೋಡಲಿ, ಆಗ ಮಗು ಜಾಸ್ತಿ ಕಲಿಯುತ್ತದೆ ಅನ್ನುವುದು ಅವರ ಲೆಕ್ಕ. ನಾನು ದೊಡ್ಡವರ ಹಾಸ್ಯದ ಪರ ನಿಲ್ಲುವುದಕ್ಕೆ ದೊಡ್ಡ ಕಾರಣ ಇದೇ. ಬೇಜಾರಾದ ಅಪ್ಪ ಮೊಬೈಲ್ ತೆಗೆಯುತ್ತಾನೆ, ಅಮ್ಮ ಅಡುಗೆಮನೆಗೆ ಹೋಗುತ್ತಾಳೆ, ಮಗು ಒಂಟಿಯಾಗಿ ಪರದೆ ಮುಂದೆ ಕೂರುತ್ತದೆ. ಜೊತೆಗೆ ಯಾರಾದರೂ ಇದ್ದಾಗ ಮಕ್ಕಳು ಒಬ್ಬರೇ ಇದ್ದಾಗಿಗಿಂತ ಎಷ್ಟೋ ಹೆಚ್ಚು ನಗುತ್ತಾರೆ. ನಿಮ್ಮನ್ನು ಆ ಸೋಫಾದ ಮೇಲೆ ಕೂರಿಸುವ ಜೋಕ್ ಮಗುವಿಗೂ ಒಳ್ಳೆಯದು ಮಾಡುತ್ತದೆ.

ಈಗ ನಿಮ್ಮ ಭಾನುವಾರದ ಜೋಕಿಗೆ ಬರೋಣ. ಏಳು ವರ್ಷದ ಮಗುವಿಗೆ ಒಂದು ಮಾತಿಗೆ ಎರಡು ಅರ್ಥ ಇರಬಹುದು ಅನ್ನುವುದು ಆಗಷ್ಟೇ ತಿಳಿಯುತ್ತಿರುತ್ತದೆ. ಒಗಟು ಕೇಳಿ ಕೇಳಿ ನಿಮ್ಮ ತಲೆ ತಿನ್ನುವ ವಯಸ್ಸು ಅದು. ಆದರೆ ಎರಡನೇ ಅರ್ಥ ಅದರ ಅನುಭವದಲ್ಲಿ ಇಲ್ಲದಿದ್ದರೆ ಜೋಕ್ ಹಾಗೇ ದಾಟಿಹೋಗುತ್ತದೆ. ನಿಮ್ಮ ಮಗ ಆ ಮಾತಿಗೆ ತಲೆ ಕೆಡಿಸಿಕೊಂಡಿಲ್ಲ. ನೀವಿಬ್ಬರೂ ನಕ್ಕಿದ್ದಕ್ಕೆ ತಲೆ ಕೆಡಿಸಿಕೊಂಡ. ತನ್ನ ಸಿನಿಮಾದಲ್ಲಿ ತನಗೆ ತಿಳಿಯದ್ದು ಏನೋ ನಡೆಯಿತಲ್ಲ ಅನ್ನುವುದು ಅವನ ಪ್ರಶ್ನೆ.

ಹಾಗಾಗಿ ಆ ಕೋಟೆಯ ಮಾತು ಅವನನ್ನು ಕೆಡಿಸುತ್ತದೆ ಅನ್ನುವ ಭಯ ನನಗಿಲ್ಲ. ‘ಶ್ರೆಕ್’ ಬಗ್ಗೆ ನನ್ನ ತಕರಾರು ಬೇರೆ ಕಡೆ ಇದೆ. 2001ರ ಈ ಚಿತ್ರ ಅತ್ಯುತ್ತಮ ಅನಿಮೇಷನ್ ಚಿತ್ರಕ್ಕೆ ಕೊಡುವ ಆಸ್ಕರನ್ನು ಮೊಟ್ಟಮೊದಲು ಗೆದ್ದದ್ದು. ರೂಪ ನೋಡಿ ಯಾರನ್ನೂ ಅಳೆಯಬೇಡಿ ಅನ್ನುವುದೇ ಅದರ ಕಥೆ. ದೈತ್ಯನಿಗೂ ಮನಸ್ಸಿದೆ, ರಾಜಕುಮಾರಿಗೆ ಬೆಳ್ಳಗೆ ತೆಳ್ಳಗೆ ಇರಲೇಬೇಕಾದ ಹಂಗಿಲ್ಲ. ಎಷ್ಟು ಚೆನ್ನಾಗಿದೆ! ಅದೇ ಚಿತ್ರ ಫಾರ್ಕ್ವಾಡ್ ಪ್ರಭು ಕುಳ್ಳ ಅನ್ನುವುದನ್ನು ಇಟ್ಟುಕೊಂಡು ಮೊದಲಿಂದ ಕೊನೆವರೆಗೆ ನಗಿಸುತ್ತದೆ. ಅವನು ಕ್ರೂರಿ, ಜಂಬದವನು, ಹೇಡಿ. ನಗುವುದಕ್ಕೆ ಅಷ್ಟೆಲ್ಲ ಇದೆ. ಆದರೂ ಮತ್ತೆ ಮತ್ತೆ ಎತ್ತರಕ್ಕೇ ಬರುತ್ತಾರೆ. ಈ ಜೋಕ್ ಮಾತ್ರ ಏಳು ವರ್ಷದವನಿಗೆ ಥಟ್ಟನೆ ಅರ್ಥವಾಗುತ್ತದೆ. ಸೋಮವಾರ ಶಾಲೆಗೆ ಹೋಗುವುದೂ ಇದೇ. ತರಗತಿಯ ಮುಂದಿನ ಬೆಂಚಿನಲ್ಲಿ ಕೂರುವ ಕುಳ್ಳ ಹುಡುಗನಿಗೆ ಹೊಸ ಹೆಸರು ಬೀಳುತ್ತದೆ.

ಇದನ್ನು ತುಂಬ ಒತ್ತಿ ಹೇಳಬೇಕು ಅನ್ನಿಸುತ್ತದೆ. ಅಪ್ಪ ಅಮ್ಮಂದಿರು ಹೆದರುವುದು ಮಗುವಿಗೆ ಅರ್ಥವಾಗದ ಜೋಕಿಗೆ. ಮಗುವಿಗೆ ಪೂರ್ತಿ ಅರ್ಥವಾಗುವ ಜೋಕನ್ನು ಯಾರೂ ತಡೆದು ಕೇಳುವುದಿಲ್ಲ. ದಪ್ಪ ಹುಡುಗ ತಿನ್ನುತ್ತಲೇ ಇರುತ್ತಾನೆ, ಕುರ್ಚಿ ಮುರಿಯುತ್ತಾನೆ, ಎಲ್ಲರೂ ನಗುತ್ತಾರೆ. ಕನ್ನಡಕದ ಹುಡುಗಿ ಪೆದ್ದಿ. ತೊದಲುವವನು ಕಂಡರೆ ಸಾಕು, ನಗು. ಇವೆಲ್ಲ ‘ಕ್ಲೀನ್ ಕಾಮಿಡಿ’ ಅನ್ನಿಸಿಕೊಳ್ಳುತ್ತವೆ. ನಿಮ್ಮ ಅತ್ತೆ ಎದ್ದು ಹೋಗುವುದಿಲ್ಲ, ನೀವೂ ಮುಖ ಕೆಂಪು ಮಾಡಿಕೊಳ್ಳುವುದಿಲ್ಲ. ಮಕ್ಕಳ ಜೊತೆ ಕೂತು ಚಿತ್ರ ನೋಡಿ, ಆಮೇಲೆ ಅವರನ್ನು ಮಾತಾಡಿಸುವುದು ನನ್ನ ಕೆಲಸ. ಯಾವ ಮಾತು ನೆನಪಿದೆ ಅಂತ ಕೇಳಿದರೆ ಅವರು ಹೇಳುವುದರಲ್ಲಿ ಡಬಲ್ ಮೀನಿಂಗ್ ಸಿಗುವುದು ಅಪರೂಪ. ಅಡ್ಡಹೆಸರು, ಅಣಕು, ಹಂಗಿಸುವ ಮಾತು ಸಿಗುತ್ತವೆ. ಅಲ್ಲೇ ಆ ಗುಂಪಿನಲ್ಲೇ ದಪ್ಪಗಿರುವ ಒಂದು ಮಗು ತಾನೂ ನಗುವ ಹಾಗೆ ಮಾಡುತ್ತಾ ಕೂತಿರುತ್ತದೆ. ಅದನ್ನು ನೋಡುವುದು ಕಷ್ಟ.

ಹಾಗಂತ ಪೋಲಿ ಜೋಕಿಗೆ ನನ್ನ ಒಪ್ಪಿಗೆ ಇದೆ ಅಂತ ಅಲ್ಲ. ‘ಟಾಯ್ ಸ್ಟೋರಿ 2’ (1999) ಮುಗಿದ ಮೇಲೆ, ಶೂಟಿಂಗಿನಲ್ಲಿ ಪಾತ್ರಗಳು ಎಡವಿದ ಹಾಗೆ ತೋರಿಸುವ ತಮಾಷೆಯ ತುಣುಕುಗಳು ಬರುತ್ತವೆ. ಒಂದರಲ್ಲಿ ಮುದುಕ ಗೊಂಬೆಯೊಂದು ಎರಡು ಬಾರ್ಬಿಗಳಿಗೆ ಮುಂದಿನ ಚಿತ್ರದಲ್ಲಿ ಪಾತ್ರ ಕೊಡಿಸುತ್ತೇನೆ ಅಂತ ನಯವಾಗಿ ಮಾತಾಡುತ್ತಿರುತ್ತದೆ. ಕ್ಯಾಮೆರಾ ಕಂಡ ಕೂಡಲೇ ಮುಖ ಬದಲಿಸುತ್ತದೆ. ಸಿನಿಮಾದಲ್ಲಿ ಅವಕಾಶ ಕೊಡುವ ಹೆಸರಿನಲ್ಲಿ ಹೆಣ್ಣುಮಕ್ಕಳನ್ನು ಪೀಡಿಸುವುದೇ ಅಲ್ಲಿನ ‘ಜೋಕ್’. ಮಕ್ಕಳಿಗೆ ಅಲ್ಲಿ ನಗುವಂಥದ್ದು ಏನೂ ಇಲ್ಲ. ದೊಡ್ಡವರಿಗೆ ಇರುವ ನಗುವೂ ಕೆಟ್ಟದ್ದು. ಆ ಉದ್ಯಮದ ಹೆಣ್ಣುಮಕ್ಕಳು ತಮಗಾದದ್ದನ್ನು ಬಾಯಿಬಿಟ್ಟು ಹೇಳಿದ ಮೇಲೆ, 2019ರ ಮರುಬಿಡುಗಡೆಯಲ್ಲಿ ಡಿಸ್ನಿ ಆ ತುಣುಕನ್ನು ತೆಗೆದುಹಾಕಿತು. ತೆಗೆದದ್ದು ಸರಿ. ಇಪ್ಪತ್ತು ವರ್ಷ ಅದು ಮಕ್ಕಳ ಚಿತ್ರದ ಬಾಲದಲ್ಲಿ ಕೂತಿತ್ತಲ್ಲ, ಅದು ಬೇಸರದ ಮಾತು.

ನಮ್ಮ ಮನೆಗಳಲ್ಲಿ ಇದಕ್ಕಿಂತ ಹೆಚ್ಚು ಗಲಾಟೆ ಎಬ್ಬಿಸಿದ್ದು ಶಿನ್‌ಚಾನ್. ಜಪಾನಿನಲ್ಲಿ 1990ರಲ್ಲಿ ದೊಡ್ಡವರು ಓದುವ ಕಾಮಿಕ್ ಪತ್ರಿಕೆಯೊಂದರಲ್ಲಿ ಶುರುವಾದ ಪಾತ್ರ ಅವನು. ಭಾರತಕ್ಕೆ ಬರುವ ಹೊತ್ತಿಗೆ ಮಕ್ಕಳ ಚಾನೆಲ್ಲಿಗೆ ಬಂದ. ದೂರು ಹೆಚ್ಚಾಗಿ 2008ರಲ್ಲಿ ಇಲ್ಲಿ ಪ್ರಸಾರ ನಿಂತಿತು, ಆಮೇಲೆ ಕತ್ತರಿ ಹಾಕಿಸಿಕೊಂಡು ಮರಳಿತು. ಶ್ರೆಕ್‌ಗೂ ಇವನಿಗೂ ವ್ಯತ್ಯಾಸ ಇಲ್ಲಿದೆ. ಶಿನ್‌ಚಾನ್ ಐದು ವರ್ಷದ ಹುಡುಗ. ದೊಡ್ಡವರ ಪೋಲಿ ಮಾತು ಮಗುವಿನ ಬಾಯಲ್ಲೇ ಬರುತ್ತದೆ. ಮಕ್ಕಳು ತಮ್ಮ ವಯಸ್ಸಿನವರನ್ನು ಬೇಗ ಅನುಕರಿಸುತ್ತಾರೆ. ಅರ್ಥ ತಿಳಿಯದೆ ಅದೇ ಧಾಟಿಯಲ್ಲಿ ಟೀಚರ್ ಹತ್ತಿರವೂ ಮಾತಾಡುತ್ತಾರೆ. ದೊಡ್ಡವರಿಗೆ ಬರೆದ ಹಾಸ್ಯವನ್ನು ಬಣ್ಣದ ಕಾರ್ಟೂನ್ ಅನ್ನುವ ಒಂದೇ ಕಾರಣಕ್ಕೆ ಮಕ್ಕಳ ಮುಂದಿಟ್ಟರೆ ಹೀಗಾಗುತ್ತದೆ.

ನಿಮ್ಮ ಅತ್ತೆಯ ಮಾತಿಗೆ ಬರುತ್ತೇನೆ. ನಮ್ಮ ತೊಗಲುಗೊಂಬೆಯಾಟ ನೋಡಿದವರಿಗೆ ಕಿಳ್ಳೇಕ್ಯಾತ, ಬಂಗಾರಕ್ಕ ಗೊತ್ತು. ರಾಮಾಯಣ, ಮಹಾಭಾರತದ ನಡುವೆ ಪರದೆ ಮೇಲೆ ಬಂದು ಜಗಳವಾಡುವ ಗಂಡ ಹೆಂಡತಿ. ಅವರ ಮಾತು ಸಾಕಷ್ಟು ಪೋಲಿಯಾಗಿಯೇ ಇರುತ್ತಿತ್ತು. ಮುಂದೆ ಮಕ್ಕಳು, ಹಿಂದೆ ಇಡೀ ಊರು. ಹಾಗಾಗಿ ಮನೆಮಂದಿಯೆಲ್ಲ ಕೂತು ಇಂಥದ್ದಕ್ಕೆ ನಗುವುದು ನಮಗೆ ಹೊಸದಲ್ಲ. ಆದರೆ ಅಲ್ಲಿ ಗೊಂಬೆ ಆಡಿಸುವವರು ಇದೇ ನೆಲದವರು. ಎದುರಿಗೆ ಯಾರಿದ್ದಾರೆ, ಎಷ್ಟು ಹೇಳಿದರೆ ಸರಿ ಅಂತ ನೋಡಿಕೊಂಡು ಅಲ್ಲೇ ಮಾತು ಹೆಚ್ಚು ಕಡಿಮೆ ಮಾಡಬಹುದಿತ್ತು. ಸಿನಿಮಾಗೆ ಆ ಕಣ್ಣಿಲ್ಲ. ಅಲ್ಲಿ ಅಪ್ಪ, ಅಮ್ಮ, ಇಬ್ಬರು ಮಕ್ಕಳು ಅಂತ ಲೆಕ್ಕ ಹಾಕಿ ಬರೆದ ಜೋಕ್ ಇಲ್ಲಿ ಅಜ್ಜಿ, ಸೊಸೆ, ಮೊಮ್ಮಗಳು ಒಟ್ಟಿಗೆ ಕೂತ ಕೋಣೆಗೆ ಬಂದು ಬೀಳುತ್ತದೆ. ಅತ್ತೆ ಎದುರು ಆ ಜೋಕಿಗೆ ನಕ್ಕಾಗ ಆಗುವ ಮುಜುಗರ ನಿಜವಾದದ್ದು. ಅದನ್ನು ಅವರ ಹಟ ಅಂತ ನೋಡಬೇಡಿ.

ಅವರಿಗೂ ನಗು ತರಿಸುವ ದೊಡ್ಡವರ ಹಾಸ್ಯ ಬೇಕು ಅಂದರೆ ‘ಶ್ರೆಕ್ 2’ (2004) ಚಿತ್ರದ ಊಟದ ದೃಶ್ಯ ತೋರಿಸಿ. ಹೊಸ ಅಳಿಯ ಮೊದಲ ಸಲ ಮಾವನ ಮನೆಯಲ್ಲಿ ಊಟಕ್ಕೆ ಕೂತಿದ್ದಾನೆ. ಮಾವನಿಗೆ ಅಳಿಯ ಸುತರಾಂ ಇಷ್ಟವಿಲ್ಲ. ಅತ್ತೆ ಸಂಭಾಳಿಸಲು ನೋಡುತ್ತಾಳೆ, ಮಗಳು ನಡುವೆ ಸಿಕ್ಕಿ ಒದ್ದಾಡುತ್ತಾಳೆ. ಮಾತಿಗೆ ಮಾತು ಬೆಳೆದು ಊಟ ಮೇಜಿನ ಮೇಲೆಲ್ಲ ಹಾರಾಡುತ್ತದೆ. ಮಗ ಊಟ ಹಾರುವುದಕ್ಕೆ ನಗುತ್ತಾನೆ, ಮಿಕ್ಕವರು ಯಾಕೆ ನಗುತ್ತೀರಿ ಅಂತ ನಾನು ಹೇಳಬೇಕಿಲ್ಲ. ಆ ಚಿತ್ರದಲ್ಲಿ ಹೆಂಡದಂಗಡಿಯ ದೃಶ್ಯ, ಇನ್ನೂ ಕೆಲವು ಕೊಂಕು ಮಾತುಗಳಿವೆ. ಅವು ಬೇಡವಾದರೆ ಮುಂದೆ ಓಡಿಸಿ.

ಮನೆಮಂದಿಗೆಲ್ಲ ನಾನು ಮೊದಲು ಹೇಳುವುದು ‘ಶಾನ್ ದ ಶೀಪ್’. ಕುರಿಗಳ ಕಥೆ. ಅದರಲ್ಲಿ ಮಾತೇ ಇಲ್ಲ, ರೈತನೂ ಬರೀ ಗೊಣಗುತ್ತಾನೆ. ಇಂಗ್ಲಿಷ್ ಬಾರದ ಅಜ್ಜಿಗೂ ಪುಟ್ಟ ಮಗುವಿಗೂ ಸಮನಾಗಿ ಸಿಗುವ ಹಾಸ್ಯ ಅದು. ಆಸ್ಟ್ರೇಲಿಯಾದ ‘ಬ್ಲೂಯಿ’ ಕೂಡ ನೋಡಿ. ಒಂದೊಂದು ಕಂತು ಏಳು ನಿಮಿಷ. ನಾಯಿಮರಿಗಳಿಬ್ಬರ ಆಟ ಅಂತ ಮಕ್ಕಳು ನೋಡುತ್ತಾರೆ. ಆಟಕ್ಕೆ ಸಿಕ್ಕಿ ಸುಸ್ತಾದ ಅಪ್ಪನನ್ನು ನೋಡಿ ನಾವು ನಗುತ್ತೇವೆ. ಜಪಾನಿನ ‘ಮೈ ನೇಬರ್ ಟೊಟೊರೊ’ (1988) ಚಿತ್ರದಲ್ಲಿ ದೊಡ್ಡವರಿಗೆ ಅಂತ ಎಸೆದ ಡಬಲ್ ಮೀನಿಂಗ್ ಒಂದೂ ಇಲ್ಲ. ಆದರೂ ದೊಡ್ಡವರು ಎದ್ದು ಹೋಗುವುದಿಲ್ಲ.

ಸರ್ಟಿಫಿಕೇಟನ್ನೂ ಒಮ್ಮೆ ನೋಡಿಕೊಳ್ಳಿ. 2023ರ ತಿದ್ದುಪಡಿ ಆದ ಮೇಲೆ ನಮ್ಮಲ್ಲಿ ಚಿತ್ರಮಂದಿರದ ಯುಎ ಸರ್ಟಿಫಿಕೇಟ್ 7, 13, 16 ವರ್ಷ ಅಂತ ಮೂರಾಗಿದೆ. ಒಟಿಟಿಯಲ್ಲಿ ಇದೇ ವಯಸ್ಸಿನ ಗುರುತು 2021ರಿಂದಲೇ ಇದೆ. ಅಂದಾಜಿಗೆ ಅದು ಸಾಕು. ಯಾರನ್ನು ಹಂಗಿಸಿ ನಗಿಸಿದ್ದಾರೆ ಅನ್ನುವುದನ್ನು ಮಾತ್ರ ನೀವೇ ಮೊದಲ ಇಪ್ಪತ್ತು ನಿಮಿಷ ನೋಡಿ ತಿಳಿದುಕೊಳ್ಳಬೇಕು.

‘ಶ್ರೆಕ್’ ನಿಲ್ಲಿಸಬೇಡಿ. ಮಗ ಮತ್ತೆ ಯಾಕೆ ನಕ್ಕಿರಿ ಅಂದರೆ ‘ನಿನಗೆ ಗೊತ್ತಾಗಲ್ಲ, ಸುಮ್ನಿರು’ ಅನ್ನಬೇಡಿ. ಹಾಗಂದರೆ ಅದು ಅವನ ತಲೆಯಲ್ಲಿ ಉಳಿದುಬಿಡುತ್ತದೆ. ‘ತಾನು ತುಂಬ ದೊಡ್ಡವನು ಅಂತ ತೋರಿಸಿಕೊಳ್ಳೋಕೆ ಅಷ್ಟು ಎತ್ತರದ ಕೋಟೆ ಕಟ್ಟಿಸಿದಾನೆ, ಅದಕ್ಕೆ ನಗು ಬಂತು’ ಅನ್ನಿ. ಅದು ಸುಳ್ಳಲ್ಲ, ಅವನ ವಯಸ್ಸಿಗೆ ಸಾಕಾಗುವಷ್ಟು ನಿಜ. ಅದರ ಜೊತೆಗೇ ‘ಕುಳ್ಳಗಿರೋದು ತಪ್ಪಾ? ಅವನು ಮಾಡಿದ್ದರಲ್ಲಿ ತಪ್ಪು ಯಾವುದು?’ ಅಂತ ಒಂದು ಪ್ರಶ್ನೆ ಹಾಕಿ. ಅವನೇ ಪಟ್ಟಿ ಮಾಡಿ ಹೇಳುತ್ತಾನೆ.

ಮಗಳ ವಿಷಯ ಬೇರೆ. ಅವಳಿಗೆ ಜೋಕ್ ಅರ್ಥವಾಗಿದೆ. ಅರ್ಥವಾಯಿತು ಅನ್ನುವುದು ನಿಮಗೆ ಗೊತ್ತಾಗಬಾರದು ಅಂತ ಮುಖ ತಿರುಗಿಸಿದ್ದಾಳೆ. ಹನ್ನೆರಡಕ್ಕೆ ಅದು ಸಹಜ. ಕೂರಿಸಿಕೊಂಡು ಕೇಳುವುದು, ಬುದ್ಧಿ ಹೇಳುವುದು ಎರಡೂ ಬೇಡ. ಅವಳಾಗಿ ಮಾತು ತೆಗೆದರೆ ನೇರವಾಗಿ ಮಾತಾಡಿ. ಮುಂದಿನ ಭಾನುವಾರದ ಚಿತ್ರ ಆರಿಸುವ ಕೆಲಸ ಅವಳಿಗೇ ಕೊಟ್ಟು ನೋಡಿ. ತಮ್ಮನಿಗೂ ಅಜ್ಜಿಗೂ ಹೊಂದುವಂಥದ್ದು ಇರಲಿ ಅಂತ ಮಾತ್ರ ಹೇಳಿ. ಈ ವಯಸ್ಸಿನ ಮಕ್ಕಳು ಇಂಥ ಜವಾಬ್ದಾರಿಯನ್ನು ತುಂಬ ಗಂಭೀರವಾಗಿ ತೆಗೆದುಕೊಳ್ಳುತ್ತಾರೆ.